ಜಗಲಿ ಬ್ಯಾಂಕ್: ಮಲಾವಿಯ ಹಳ್ಳಿಯಲ್ಲಿ ಉಳಿತಾಯ ಗುಂಪು ಕಟ್ಟುವ ಬಗೆ

ಆಫ್ರಿಕಾದ ಮಲಾವಿ ದೇಶದ ಚಿಚೇವಾ ಭಾಷೆಯಲ್ಲಿ ‘ಖೊಂಡೆ’ ಅಂದರೆ ಜಗಲಿ. ಹಳ್ಳಿಯವರು ವಾರಕ್ಕೊಮ್ಮೆ ಯಾರದೋ ಮನೆ ಜಗಲಿಯಲ್ಲೋ ಮಾವಿನ ಮರದ ಕೆಳಗೋ ಕೂತು ದುಡ್ಡು ಕೂಡಿಡುತ್ತಾರಲ್ಲ, ಆ ಗುಂಪಿಗೆ ಅಲ್ಲಿ ‘ಬ್ಯಾಂಕ್ ಮ್‌ಖೊಂಡೆ’ ಅಂತಲೇ ಹೆಸರು. ಜಗಲಿ ಬ್ಯಾಂಕ್. ಕಟ್ಟಡ ಇಲ್ಲ, ಮ್ಯಾನೇಜರ್ ಇಲ್ಲ, ಹೊರಗಿನವರ ಬಿಡಿಗಾಸೂ ಇಲ್ಲ. ಮೂರು ಬೀಗದ ಒಂದು ತಗಡಿನ ಪೆಟ್ಟಿಗೆ, ಸುಮಾರು ಇಪ್ಪತ್ತು ಜನ, ಅಷ್ಟೇ.

ನಮ್ಮಲ್ಲಿಂದ ಆಫ್ರಿಕಾದ ದೇಶಗಳಿಗೆ ಸಂಸ್ಥೆಗಳ ಕೆಲಸಕ್ಕೆ ಅಥವಾ ಸ್ವಯಂಸೇವಕರಾಗಿ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಹೋದವರಿಗೆಲ್ಲ ಬಾವಿ ತೋಡಿಸಬೇಕು, ಶಾಲೆ ಕಟ್ಟಿಸಬೇಕು ಅನ್ನುವ ಆಸೆ. ಅದು ಬೇಡ ಅನ್ನುವುದಿಲ್ಲ. ಆದರೆ ನನ್ನ ಅನುಭವದಲ್ಲಿ, ಊರು ಬಿಟ್ಟು ಬಂದ ಮೇಲೂ ನಿಂತಿರುವ ಕೆಲಸ ಈ ಪೆಟ್ಟಿಗೆಯದು. ಹಾಗಾಗಿ ಅದನ್ನು ಶುರುವಿನಿಂದ ಕೊನೆವರೆಗೆ ಹೇಗೆ ಮಾಡುವುದು ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇದು ಚೀಟಿ ಅಲ್ಲ, ನಮ್ಮ ಸ್ತ್ರೀಶಕ್ತಿ ಸಂಘವೂ ಅಲ್ಲ

ಚೀಟಿ ಗೊತ್ತಿಲ್ಲದ ಕನ್ನಡದವರಿಲ್ಲ. ಅಂಥದ್ದು ಆಫ್ರಿಕಾದ ತುಂಬ ಇದೆ. ಘಾನಾದಲ್ಲಿ ಸುಸು, ಕೀನ್ಯಾದಲ್ಲಿ ಚಾಮಾ, ಫ್ರೆಂಚ್ ಮಾತಾಡುವ ದೇಶಗಳಲ್ಲಿ ತೊಂತೀನ್. ಎಲ್ಲರೂ ಸಮನಾಗಿ ಹಾಕುತ್ತಾರೆ, ಸರದಿಯಂತೆ ಒಬ್ಬೊಬ್ಬರು ಎತ್ತುತ್ತಾರೆ. ತೊಂದರೆ ಎಲ್ಲಿ ಅಂದರೆ, ಮಗುವಿಗೆ ಮಲೇರಿಯಾ ಬರುವುದು ನಿಮ್ಮ ಸರದಿ ನೋಡಿಕೊಂಡಲ್ಲ. ಕೈಯಲ್ಲಿ ಜಾಸ್ತಿ ಇರುವ ವಾರ ಜಾಸ್ತಿ ಹಾಕುವ ಹಾಗೂ ಇಲ್ಲ.

1991ರಲ್ಲಿ ನೈಜರ್ ದೇಶದ ಮರಾಡಿ ಪ್ರದೇಶದಲ್ಲಿ ಕೇರ್ ಅನ್ನುವ ಅಂತರರಾಷ್ಟ್ರೀಯ ನೆರವು ಸಂಸ್ಥೆಯವರು ಈ ಹಳೆಯ ಪದ್ಧತಿಯನ್ನೇ ಸ್ವಲ್ಪ ತಿದ್ದಿದರು. ಹೌಸಾ ಭಾಷೆಯಲ್ಲಿ ಅದಕ್ಕೆ ‘ಮಾತಾ ಮಾಸು ದುಬಾರಾ’ ಅಂತ ಹೆಸರಾಯಿತು. ಉಪಾಯ ಬಲ್ಲ ಹೆಂಗಸರು ಅಂತ ಅರ್ಥ. ಒಬ್ಬೊಬ್ಬರು ತಮ್ಮ ಕೈಲಾದಷ್ಟು ಉಳಿಸುತ್ತಾರೆ. ಕೂಡಿದ ದುಡ್ಡನ್ನು ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರೆ. ವರ್ಷದ ಕೊನೆಗೆ ಪೆಟ್ಟಿಗೆ ಖಾಲಿ ಮಾಡಿ, ಬಡ್ಡಿ ಸಮೇತ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಇಲ್ಲಿರುವ ಜಾಣತನವೆಲ್ಲ ಆ ವರ್ಷಕ್ಕೊಮ್ಮೆ ಖಾಲಿ ಮಾಡುವುದರಲ್ಲಿದೆ. ಲೆಕ್ಕ ಸರಿ ಇದೆಯೋ ಇಲ್ಲವೋ ಅಂತ ಹೊರಗಿನ ಆಡಿಟರ್ ಬಂದು ಹೇಳಬೇಕಿಲ್ಲ. ಹಂಚಿಕೆಯ ದಿನ ದುಡ್ಡೇ ಹೇಳುತ್ತದೆ.

ಕರ್ನಾಟಕದ ಸ್ವಸಹಾಯ ಸಂಘಗಳದ್ದು ಬೇರೆ ದಾರಿ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಸಣ್ಣ ಗುಂಪುಗಳಾಗಿ ನಿಂತರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ನಮ್ಮಲ್ಲಿ ಹಳ್ಳಿಗೂ ಬ್ಯಾಂಕ್ ಶಾಖೆ ಹತ್ತಿರ ಇದ್ದದ್ದರಿಂದ ಅದು ನಡೆಯಿತು. ಮಲಾವಿಯ ಎಷ್ಟೋ ಹಳ್ಳಿಗಳಿಂದ ಬ್ಯಾಂಕಿಗೆ ಹೋಗಿಬರಲು ಒಂದು ದಿನದ ದುಡಿಮೆ ಹೋಗುತ್ತದೆ. ಅಲ್ಲಿ ಹತ್ತಿರ ಸಿಗುವವನು ‘ಕಟಪಿಲ’ದವನು. ಅಂದರೆ ಬಡ್ಡಿ ಸಾಲ ಕೊಡುವವನು. ತಿಂಗಳಲ್ಲಿ ಒಂದಕ್ಕೆ ಒಂದೂವರೆ, ಕೆಲವೊಮ್ಮೆ ಎರಡು ಕೇಳುತ್ತಾನೆ. ಹಾಗಾಗಿ ನಮ್ಮೂರ ಸಂಘದ ನಕ್ಷೆಯನ್ನು ಹಾಗೇ ಎತ್ತಿಕೊಂಡು ಹೋಗಬೇಡಿ.

ಮೊದಲು ಮಳೆಯ ಲೆಕ್ಕ ತಿಳಿಯಿರಿ

ಮಲಾವಿಯಲ್ಲಿ ಮಳೆಗಾಲ ಒಂದೇ. ನವೆಂಬರ್‌ನಿಂದ ಏಪ್ರಿಲ್. ಜೋಳ ಅಂದರೆ ಅಲ್ಲಿ ಮೆಕ್ಕೆಜೋಳ. ಅದರ ಹಿಟ್ಟಿನಿಂದ ಮಾಡುವ ‘ನ್ಸೀಮಾ’ ಇಲ್ಲದೆ ಊಟವೇ ಇಲ್ಲ. ನೋಡಲು ನಮ್ಮ ಮುದ್ದೆಯ ತಂಗಿಯಂತಿರುತ್ತದೆ, ಬಣ್ಣ ಮಾತ್ರ ಬಿಳಿ. ಏಪ್ರಿಲ್, ಮೇನಲ್ಲಿ ಕೊಯ್ಲು. ಆಗ ಕೈಯಲ್ಲಿ ಸ್ವಲ್ಪ ಕಾಸು. ಜನವರಿಯಿಂದ ಮಾರ್ಚ್‌ವರೆಗೆ ಕಣಜ ಬರಿದು. ಆಗ ಬಡವರು ತಮ್ಮ ಹೊಲ ಬಿಟ್ಟು ಬೇರೆಯವರ ಹೊಲದಲ್ಲಿ ‘ಗಾನ್ಯು’ ಮಾಡುತ್ತಾರೆ. ಅಂದರೆ ದಿನಗೂಲಿ.

ಇದು ಗೊತ್ತಿಲ್ಲದೆ ಫೆಬ್ರವರಿಯಲ್ಲಿ ಗುಂಪು ಶುರು ಮಾಡಿದರೆ ಸೇರುವವರು ಉಳ್ಳವರು ಮಾತ್ರ. ಹಂಚಿಕೆಯನ್ನು ಮೇ ತಿಂಗಳಲ್ಲಿ ಇಟ್ಟುಕೊಂಡರೆ, ಕೊಯ್ಲಿನ ದುಡ್ಡಿನ ಜೊತೆಗೆ ಅದೂ ಕರಗುತ್ತದೆ. ಅಲ್ಲಿಯ ರೈತ ಹೆಂಗಸಿಗೆ ದುಡ್ಡು ನಿಜವಾಗಿ ಬೇಕಾಗುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಬೀಜ, ಗೊಬ್ಬರ ಕೊಳ್ಳುವ ಹೊತ್ತಿಗೆ. ಆದ್ದರಿಂದ ನಾನು ಹೇಳುವುದು ಇಷ್ಟು. ಮೊದಲ ಸುತ್ತನ್ನು ಚಿಕ್ಕದಾಗಿ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಗೆ ಶುರು, ನವೆಂಬರ್ ಮೊದಲಲ್ಲಿ ಹಂಚಿಕೆ. ಆಮೇಲೆ ಪ್ರತಿ ಸುತ್ತೂ ನವೆಂಬರ್‌ನಿಂದ ನವೆಂಬರ್‌ಗೆ. ಶಾಲೆಯ ಫೀಸಿಗೋ ವ್ಯಾಪಾರಕ್ಕೋ ಬೇರೆ ತಿಂಗಳು ಬೇಕು ಅಂತ ಗುಂಪೇ ಹೇಳಿದರೆ ಅದೇ ಸರಿ.

ಊರಿಗೆ ಕಾಲಿಡುವ ಕ್ರಮ

ಮೊದಲು ಜಿಲ್ಲಾ ಕಚೇರಿಗೆ ಹೋಗಿ ಹೆಸರು, ಕೆಲಸ ಹೇಳಿ. ಅಲ್ಲಿಂದ ಆ ಸೀಮೆಯ ಸಾಂಪ್ರದಾಯಿಕ ಮುಖ್ಯಸ್ಥರ ಹತ್ತಿರ. ಅವರ ಕೆಳಗೆ ಹಲವು ಊರುಗಳ ಒಬ್ಬ ಹಿರಿಯರು, ಕೊನೆಗೆ ಆ ಊರಿನ ‘ಮ್ಫುಮು’, ಅಂದರೆ ಊರ ಮುಖಂಡರು. ಎಷ್ಟೋ ಕಡೆ ಈ ಮುಖಂಡರು ಹೆಂಗಸರೇ. ಮಧ್ಯದ ಒಂದು ಮೆಟ್ಟಿಲು ಬಿಟ್ಟರೂ ಕೆಲಸ ಕೆಡುತ್ತದೆ. ಅಂಗಳದ ಅಂಚಲ್ಲಿ ನಿಂತು ‘ಓಡಿ’ ಅನ್ನಿ. ಒಳಗೆ ಬರಲೇ ಅಂತ ಕೇಳುವ ಮಾತು ಅದು. ಕರೆದ ಮೇಲೆ ಹೋಗಿ, ತೋರಿಸಿದ ಜಾಗದಲ್ಲಿ ಕೂರಿ. ಕುಶಲ ವಿಚಾರಿಸುವುದು ಮುಗಿಯದೆ ಬಂದ ಕೆಲಸ ಎತ್ತಬೇಡಿ.

ನಿಮ್ಮನ್ನು ಅವರು ‘ಅಮ್ವೆನ್ಯೆ’ ಅನ್ನುತ್ತಾರೆ. ಭಾರತದವರಿಗೆ ಅಲ್ಲಿರುವ ಹೆಸರು ಅದು. ಮಲಾವಿಯಲ್ಲಿ ತಲೆಮಾರುಗಳಿಂದ ಇರುವ ಭಾರತ ಮೂಲದವರಲ್ಲಿ ಗುಜರಾತಿ ವ್ಯಾಪಾರಿಗಳು ಜಾಸ್ತಿ. ಹಾಗಾಗಿ ನಿಮ್ಮ ಮುಖ ಕಂಡ ಕೂಡಲೇ ಅಂಗಡಿಯವರು ಅಂತ ಅಂದುಕೊಳ್ಳುವುದು ಸಹಜ. ದುಡ್ಡಿನ ಕೆಲಸಕ್ಕೆ ಬಂದಿದ್ದೀರಿ ಅಂದಾಗ ಅನುಮಾನ ಬರುವುದೂ ಸಹಜ. ಬೇಸರ ಮಾಡಿಕೊಳ್ಳಬೇಡಿ. ಜೊತೆಗೆ ಊರಿನ ಭಾಷೆಯ ಒಬ್ಬ ಸಹೋದ್ಯೋಗಿ ಇರಲೇಬೇಕು. ಮಾತಾಡಬೇಕಾದವರು ಅವರು. ನೀವು ಪಕ್ಕದಲ್ಲಿ ಕೂರುವವರು.

ಊರಿನವರು ಸೇರಿದ ಮೊದಲ ಸಭೆಯಲ್ಲಿ ಒಂದು ಮಾತನ್ನು ಎಲ್ಲಕ್ಕಿಂತ ಮುಂಚೆ ಹೇಳಿ: ‘ನಾವು ದುಡ್ಡು ತಂದಿಲ್ಲ. ಮುಂದೆಯೂ ತರುವುದಿಲ್ಲ.’ ಎರಡು ಸಲ ಹೇಳಿ. ಅರ್ಧ ಜನ ಎದ್ದು ಹೋಗುತ್ತಾರೆ. ಹೋಗಲಿ. ತರಬೇತಿಗೆ ಬಂದವರಿಗೆ ಭತ್ಯೆ ಕೊಡುವ ರೂಢಿ ಮಲಾವಿಯಲ್ಲಿ ಬೇರು ಬಿಟ್ಟಿದೆ. ಸಂಸ್ಥೆಗಳೇ ಬೆಳೆಸಿದ ರೂಢಿ ಅದು. ನೀವು ಕೊಡಬೇಡಿ. ಭತ್ಯೆಗಾಗಿ ಬಂದವರು ಭತ್ಯೆ ನಿಂತ ದಿನ ಬರುವುದಿಲ್ಲ, ಅಲ್ವಾ?

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ವರ್ಷ ನಾನಿದ್ದ ಸಂಸ್ಥೆ ಒಂದು ಗುಂಪಿನ ಪೆಟ್ಟಿಗೆಗೆ ಬೀಜಧನ ಹಾಕಿತು. ಒಳ್ಳೆಯ ಮನಸ್ಸಿನಿಂದಲೇ. ಗುಂಪಿನ ದುಡ್ಡು ಒಂದೇ ದಿನದಲ್ಲಿ ಮೂರು ಪಟ್ಟಾಯಿತು. ಎಲ್ಲರೂ ಸಾಲ ತೆಗೆದುಕೊಂಡರು. ಮೂರನೇ ತಿಂಗಳಿಗೆ ವಾಪಸು ಕಟ್ಟುವವರೇ ಇಲ್ಲ. ಕೇಳಿದರೆ, ಅದು ಸಂಸ್ಥೆಯ ದುಡ್ಡು ತಾನೇ ಅಂದರು. ತಪ್ಪು ಅವರದಲ್ಲ. ಈ ಕೆಲಸದಲ್ಲಿರುವವರು ಬಿಸಿ ದುಡ್ಡು, ತಣ್ಣನೆ ದುಡ್ಡು ಅಂತ ಎರಡು ಬಗೆ ಹೇಳುತ್ತಾರೆ. ಪಕ್ಕದ ಮನೆಯವಳು ಬೆವರು ಸುರಿಸಿ ತಂದು ಹಾಕಿದ್ದು ಬಿಸಿ ದುಡ್ಡು. ಅದನ್ನು ಯಾರೂ ಜಾಸ್ತಿ ದಿನ ಕೈಯಲ್ಲಿ ಇಟ್ಟುಕೊಳ್ಳಲಾರರು. ಹೊರಗಿಂದ ಬಂದದ್ದು ತಣ್ಣನೆಯದು. ನಾವು ಆ ಪೆಟ್ಟಿಗೆಯನ್ನು ತಣ್ಣಗೆ ಮಾಡಿದೆವು. ಗುಂಪು ಒಡೆಯಿತು. ನೆರೆಯವರ ನಡುವೆ ಮಾತು ನಿಂತಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಗುಂಪು ತಾನಾಗಿ ಕೂಡಲಿ

ಹದಿನೈದರಿಂದ ಇಪ್ಪತ್ತೈದು ಜನ. ಅದಕ್ಕಿಂತ ಕಡಿಮೆಯಾದರೆ ಸಾಲಕ್ಕೆ ದುಡ್ಡು ಸಾಲದು. ಜಾಸ್ತಿಯಾದರೆ ಸಭೆ ಮೂರು ಗಂಟೆ ಎಳೆಯುತ್ತದೆ.

ಯಾರು ಯಾರ ಜೊತೆ ಅಂತ ನೀವು ಪಟ್ಟಿ ಮಾಡಬೇಡಿ. ಮುಖಂಡರಿಗೂ ಮಾಡಲು ಬಿಡಬೇಡಿ. ನಾಲ್ಕು ಪ್ರಶ್ನೆ ಕೊಟ್ಟು ಒಂದು ವಾರ ಸಮಯ ಬಿಡಿ. ಇವಳು ನಡೆದು ಬರುವಷ್ಟು ಹತ್ತಿರ ಇದ್ದಾಳಾ? ಹೇಳಿದ ಹೊತ್ತಿಗೆ ಬರುವವಳಾ? ತೆಗೆದುಕೊಂಡದ್ದನ್ನು ಕೊಡುವವಳಾ? ಜಗಳವಾದರೆ ಕೂತು ಮಾತಾಡುವವಳಾ? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ನೀರಿನ ಬೋರ್‌ವೆಲ್ ಹತ್ತಿರ ದಿನಾ ಭೇಟಿಯಾಗುವ ಹೆಂಗಸರಿಗೆ. ನಿಮಗಲ್ಲ.

ಊರ ಮುಖಂಡರು ಸದಸ್ಯರಾಗುವುದು ಬೇಡ ಅಂತ ನನ್ನ ಸಲಹೆ. ಅವರಿಗೆ ಸಾಲ ಇಲ್ಲ ಅನ್ನಲು, ಬಾಕಿ ಕೇಳಲು ಯಾರಿಗೆ ಬಾಯಿ ಬರುತ್ತದೆ? ಇದನ್ನು ಮೊದಲೇ ಅವರ ಹತ್ತಿರ ಮರ್ಯಾದೆಯಿಂದ ಮಾತಾಡಿಕೊಳ್ಳಿ. ಗಂಡಸರು ಬೇಡವೇ ಅಂತ ಕೇಳುತ್ತಾರೆ. ಇರಬಹುದು. ಆದರೆ ಬೆರೆತ ಗುಂಪಾದರೆ ಪೆಟ್ಟಿಗೆ, ಲೆಕ್ಕ, ಬೀಗದ ಕೈ ಮೂರೂ ಗಂಡಸರ ಕೈಗೆ ಹೋಗದಂತೆ ನಿಯಮ ಮಾಡಿಕೊಳ್ಳಬೇಕು.

ಐವರ ಸಮಿತಿ, ಮೂವರ ಬೀಗದ ಕೈ

ಅಧ್ಯಕ್ಷೆ ಒಬ್ಬಳು, ಲೆಕ್ಕ ಬರೆಯುವವಳು ಒಬ್ಬಳು, ಪೆಟ್ಟಿಗೆ ಇಟ್ಟುಕೊಳ್ಳುವವಳು ಒಬ್ಬಳು, ದುಡ್ಡು ಎಣಿಸುವವರು ಇಬ್ಬರು. ಇವರಲ್ಲದೆ ಬೀಗದ ಕೈ ಇಟ್ಟುಕೊಳ್ಳುವವರು ಮೂವರು. ಈ ಮೂವರು ಸಮಿತಿಯವರಾಗಿರಬಾರದು. ಪೆಟ್ಟಿಗೆಯವಳ ನೆಂಟರೂ ಆಗಿರಬಾರದು.

ಕೈ ಎತ್ತಿಸಿ ಚುನಾವಣೆ ಮಾಡಬೇಡಿ. ಊರಿನಲ್ಲಿ ಯಾರೂ ಅತ್ತೆಯ ಎದುರು ಕೈ ಕೆಳಗಿಡುವುದಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಚೀಲ ಇಡಿ. ಮರೆಯಲ್ಲಿ. ಪ್ರತಿಯೊಬ್ಬರೂ ಒಂದು ಕಲ್ಲೋ ಜೋಳದ ಕಾಳೋ ಹಾಕಿ ಬರಲಿ. ಎಲ್ಲರ ಎದುರು ಎಣಿಸಿ.

ಸಾಮಾನು ಹೆಚ್ಚೇನಿಲ್ಲ. ಮೂರು ಕಡೆ ಬೀಗ ಹಾಕಬಹುದಾದ ಪೆಟ್ಟಿಗೆ, ಪಾಸ್‌ಬುಕ್ಕುಗಳು, ಒಂದು ರಬ್ಬರ್ ಸೀಲು, ಶಾಯಿ ಪ್ಯಾಡು, ಎರಡು ಬೋಗುಣಿ, ದಾರ ಎಳೆದು ಕಟ್ಟುವ ಎರಡು ಬಟ್ಟೆ ಚೀಲ, ಒಂದು ಕ್ಯಾಲ್ಕುಲೇಟರ್. ಇದರ ಖರ್ಚನ್ನೂ ಗುಂಪೇ ಕಂತಿನಲ್ಲಿ ಕೊಡಲಿ. ಸ್ಥಳೀಯ ಕಮ್ಮಾರರಿಂದಲೇ ಪೆಟ್ಟಿಗೆ ಮಾಡಿಸಿ. ಹಾಳಾದಾಗ ರಿಪೇರಿಗೆ ನಿಮ್ಮನ್ನು ಹುಡುಕಿ ಬರಬಾರದು.

ಪಾಲಿನ ಬೆಲೆ: ಇಲ್ಲಿ ಅವಸರ ಬೇಡ

ಉಳಿತಾಯವನ್ನು ಪಾಲುಗಳ ಲೆಕ್ಕದಲ್ಲಿ ಮಾಡುತ್ತಾರೆ. ಪ್ರತಿ ಸಭೆಯಲ್ಲಿ ಒಬ್ಬಳು ಒಂದರಿಂದ ಐದು ಪಾಲು ಕೊಳ್ಳಬಹುದು. ಒಂದು ಪಾಲಿಗೆ ಪಾಸ್‌ಬುಕ್ಕಿನಲ್ಲಿ ಒಂದು ಸೀಲು. ಓದು ಬರಹ ಬಾರದವಳೂ ತನ್ನ ಸೀಲುಗಳನ್ನು ಎಣಿಸಬಲ್ಲಳು. ಕೊಳ್ಳದೆ ಬಿಟ್ಟ ಜಾಗಕ್ಕೆ ಅಲ್ಲೇ ಗೀಟು ಎಳೆಯಬೇಕು, ಆಮೇಲೆ ಯಾರೂ ಸೀಲು ಸೇರಿಸದ ಹಾಗೆ.

ಒಂದು ಪಾಲಿಗೆ ಎಷ್ಟು ಕ್ವಾಚಾ? (ನಮ್ಮ ರೂಪಾಯಿಯ ಹಾಗೆ ಮಲಾವಿಯ ದುಡ್ಡು ಕ್ವಾಚಾ.) ಇದೊಂದು ನಿರ್ಧಾರ ಗುಂಪಿನಲ್ಲಿ ಯಾರು ಉಳಿಯುತ್ತಾರೆ ಅನ್ನುವುದನ್ನು ತೀರ್ಮಾನ ಮಾಡುತ್ತದೆ. ಸಭೆಯಲ್ಲಿ ಕೇಳಿದರೆ ಅಂಗಡಿ ಇರುವವಳು ಮೊದಲು ಬಾಯಿ ಬಿಡುತ್ತಾಳೆ. ದೊಡ್ಡ ಮೊತ್ತ ಹೇಳುತ್ತಾಳೆ. ಬಡವಳು ನಾಚಿಕೆಯಿಂದ ತಲೆ ಆಡಿಸುತ್ತಾಳೆ. ನಾಲ್ಕು ವಾರಕ್ಕೆ ಸುಮ್ನೆ ಬರುವುದು ಬಿಡುತ್ತಾಳೆ. ಕಾರಣ ಯಾರಿಗೂ ಹೇಳುವುದಿಲ್ಲ.

ನಾನು ಮಾಡುವುದು ಹೀಗೆ. ಮೊತ್ತ ಕೇಳುವುದಿಲ್ಲ. ‘ಫೆಬ್ರವರಿ ನೆನಪು ಮಾಡಿಕೊಳ್ಳಿ. ಮನೆಯಲ್ಲಿ ಹಿಟ್ಟಿಲ್ಲ. ವಾರದಲ್ಲಿ ಎರಡೇ ದಿನ ಗಾನ್ಯು ಸಿಕ್ಕಿದೆ. ಆ ವಾರ ಏನು ತರಬಹುದು?’ ಅಂತ ಕೇಳುತ್ತೇನೆ. ಪ್ರತಿಯೊಬ್ಬರೂ ಅಷ್ಟು ಜೋಳದ ಕಾಳನ್ನು ಮುಚ್ಚಿದ ಬುಟ್ಟಿಗೆ ಹಾಕುತ್ತಾರೆ, ಒಂದು ಕಾಳಿಗೆ ನೂರು ಕ್ವಾಚಾ ಅಂತ. ಯಾರು ಎಷ್ಟು ಹಾಕಿದರು ಅಂತ ಗೊತ್ತಾಗದ ಹಾಗೆ ಒಬ್ಬೊಬ್ಬರದನ್ನು ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿರುತ್ತೇನೆ. ಎಲ್ಲಕ್ಕಿಂತ ಚಿಕ್ಕ ಪೊಟ್ಟಣ ಯಾವುದೋ ಅದೇ ಪಾಲಿನ ಬೆಲೆ. ಉಳ್ಳವಳು ಐದು ಪಾಲು ಕೊಳ್ಳಲಿ. ಅವಳಿಗೆ ನಷ್ಟವಿಲ್ಲ. ಐದರ ಮಿತಿ ಏಕೆ ಅಂದರೆ, ಗುಂಪು ಒಬ್ಬಳ ಜೇಬಿಗೆ ಬೀಳಬಾರದು.

ಸುತ್ತಿನ ನಡುವೆ ಪಾಲಿನ ಬೆಲೆ ಬದಲಾಯಿಸಬಾರದು. ಮುಂದಿನ ಸುತ್ತಿಗೆ ಬೇಕಾದರೆ ಏರಿಸಿಕೊಳ್ಳಲಿ. ಬೆಲೆಯೇರಿಕೆ ಅಲ್ಲಿ ಸಣ್ಣ ವಿಷಯವಲ್ಲ. 2012ರ ಮೇನಲ್ಲಿ, ಮತ್ತೆ 2023ರ ನವೆಂಬರ್‌ನಲ್ಲಿ ಕ್ವಾಚಾದ ಬೆಲೆಯನ್ನು ಸರ್ಕಾರದ ಕಡೆಯಿಂದಲೇ ಒಂದೇ ಏಟಿಗೆ ಭಾರಿಯಾಗಿ ಇಳಿಸಲಾಯಿತು. 2023ರಲ್ಲಿ ಒಂದು ಡಾಲರ್‌ಗೆ ಕೊಡಬೇಕಾದ ಕ್ವಾಚಾ ಶೇಕಡಾ 44ರಷ್ಟು ಏರಿತು. ಪೆಟ್ಟಿಗೆಯಲ್ಲಿ ಮಲಗಿದ ದುಡ್ಡು ಕರಗುವ ದುಡ್ಡು. ಅದು ಸಾಲವಾಗಿ ಓಡಾಡುತ್ತಿರಬೇಕು. ವರ್ಷಕ್ಕೊಮ್ಮೆ ಗೊಬ್ಬರವೋ ಮೇಕೆಯೋ ತಗಡಿನ ಶೀಟೋ ಆಗಿಬಿಡಬೇಕು.

ನಿಯಮಗಳು ಅವರ ಬಾಯಿಂದಲೇ ಬರಲಿ

ಅಚ್ಚು ಹಾಕಿದ ಬೈಲಾ ಒಯ್ಯಬೇಡಿ. ಪ್ರಶ್ನೆಗಳನ್ನು ಒಯ್ಯಿರಿ. ತಡವಾಗಿ ಬಂದರೆ ದಂಡ ಎಷ್ಟು? ಹೆರಿಗೆಯಾದವಳಿಗೂ ದಂಡವೇ? ನಡುವೆ ಬಿಟ್ಟು ಹೋದರೆ ಅವಳು ಹಾಕಿದ್ದಷ್ಟೇ ವಾಪಸೋ, ಲಾಭವೂ ಉಂಟೋ? ಸದಸ್ಯೆ ತೀರಿಹೋದರೆ ಅವಳ ಪಾಲು ಯಾರಿಗೆ, ಗಂಡನಿಗೋ ಮಕ್ಕಳಿಗೋ ತವರಿಗೋ? ಈ ಕೊನೆಯದನ್ನು ಬಿಡಬೇಡಿ. ಮಲಾವಿಯ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ತಾಯಿಯ ಕಡೆಯಿಂದ ಎಣಿಸುವ ಬಳಿ ಪದ್ಧತಿ ಇದೆ. ನಮ್ಮ ತುಳುನಾಡಿನ ಅಳಿಯಕಟ್ಟು ನೆನಪಾಗುತ್ತದೆ. ಉತ್ತರದಲ್ಲಿ ತಂದೆಯ ಕಡೆ. ಬರೆದಿಡದೆ ಹೋದರೆ ಸಾವಿನ ಮನೆಯಲ್ಲಿ ಜಗಳ ಹುಟ್ಟುತ್ತದೆ.

ಪಾಲಿನ ದುಡ್ಡಿನ ಜೊತೆಗೆ ಕಷ್ಟನಿಧಿ ಅಂತ ಒಂದು ಬೇರೆ ಚೀಲ ಇರುತ್ತದೆ. ಇದಕ್ಕೆ ಎಲ್ಲರೂ ಪ್ರತಿ ವಾರ ಒಂದೇ ಸಣ್ಣ ಮೊತ್ತ ಹಾಕುತ್ತಾರೆ. ಕಾಯಿಲೆ, ಬೆಂಕಿ, ‘ಮಲಿರೊ’ ಬಂದರೆ ಇದರಿಂದ ಕೊಡುತ್ತಾರೆ. ಮಲಿರೊ ಅಂದರೆ ಸಾವು, ಶವಸಂಸ್ಕಾರ. ಊರಲ್ಲಿ ಮಲಿರೊ ಆದ ದಿನ ಯಾವ ಕೆಲಸವೂ ನಡೆಯುವುದಿಲ್ಲ. ನಿಮ್ಮ ಸಭೆಯೂ ಅಷ್ಟೇ. ಎಷ್ಟೇ ದೂರದಿಂದ ಬಂದಿದ್ದರೂ ಸುಮ್ಮನೆ ಹೋಗಿ ದುಃಖದವರ ಜೊತೆ ನೆಲದ ಮೇಲೆ ಕೂರಿ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯನ್ನು ಕೊಚ್ಚಿದಾಗ ಮನೆಮಠ ಕಳೆದುಕೊಂಡವರು ಲಕ್ಷಗಟ್ಟಲೆ. ಅಂಥದ್ದಕ್ಕೆ ಇಪ್ಪತ್ತು ಜನರ ಕಷ್ಟನಿಧಿ ಸಾಕಾಗುವುದಿಲ್ಲ, ಯಾಕೆಂದರೆ ಎಲ್ಲರ ಮನೆಯೂ ಒಂದೇ ದಿನ ಬೀಳುತ್ತದೆ. ಇದನ್ನು ಗುಂಪಿಗೆ ಬಿಡಿಸಿ ಹೇಳಿ. ಕಷ್ಟನಿಧಿ ಒಬ್ಬಿಬ್ಬರ ಕಷ್ಟಕ್ಕೆ.

ಸಭೆ ನಡೆಯುವ ರೀತಿ

ಇದನ್ನು ಪೂಜೆಯ ಹಾಗೆ ಒಂದೇ ಕ್ರಮದಲ್ಲಿ ಮಾಡಬೇಕು. ಕ್ರಮ ತಪ್ಪಿದರೆ ಯಾರಾದರೂ ಒಬ್ಬರು ತಡೆಯಬೇಕು. ಎಲ್ಲರಿಗೂ ಒಂದೊಂದು ನಂಬರ್. ನಂಬರಿನ ಸಾಲಿನಲ್ಲೇ ಅರ್ಧ ಸುತ್ತಾಗಿ ಕೂರುತ್ತಾರೆ. ಸಮಿತಿ, ಪೆಟ್ಟಿಗೆ ಎದುರಿಗೆ.

1. ಹಾಜರಿ. ಬೀಗದ ಕೈಯ ಮೂವರು ಬಂದು ಪೆಟ್ಟಿಗೆ ತೆಗೆಯುತ್ತಾರೆ. ಪಾಸ್‌ಬುಕ್ಕುಗಳೂ ಪೆಟ್ಟಿಗೆಯೊಳಗೇ ಇರುತ್ತವೆ, ಮನೆಗೆ ಹೋಗುವುದಿಲ್ಲ.

2. ಕಷ್ಟನಿಧಿಯಲ್ಲಿ ಕಳೆದ ವಾರ ಎಷ್ಟಿತ್ತು ಅಂತ ಅಧ್ಯಕ್ಷೆ ಕೇಳುತ್ತಾಳೆ. ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಆಮೇಲೆ ಚೀಲ ಬಿಚ್ಚಿ ಎಣಿಸುತ್ತಾರೆ. ಸರಿಹೋದ ಮೇಲೆ ಈ ವಾರದ ವಂತಿಗೆ. ಕಷ್ಟ ಹೇಳಿಕೊಳ್ಳುವವರಿದ್ದರೆ ಈಗಲೇ.

3. ಸಾಲದ ಚೀಲದಲ್ಲಿ, ಅಂದರೆ ಪಾಲಿನ ದುಡ್ಡಿನ ಚೀಲದಲ್ಲಿ, ಎಷ್ಟಿತ್ತು? ಮತ್ತೆ ಬಾಯಲ್ಲಿ ಹೇಳುವುದು, ಮತ್ತೆ ಎಣಿಕೆ.

4. ನಂಬರ್ ಕರೆದಂತೆ ಒಬ್ಬೊಬ್ಬರೇ ಬಂದು ಪಾಲು ಕೊಳ್ಳುತ್ತಾರೆ. ದುಡ್ಡು ಬೋಗುಣಿಗೆ. ಇಬ್ಬರು ಎಣಿಸಿ ಜೋರಾಗಿ ಹೇಳುತ್ತಾರೆ. ಸೀಲು ಬೀಳುತ್ತದೆ. ಅವಳು ತಾನೇ ನೋಡಿ ಒಪ್ಪುತ್ತಾಳೆ.

5. ನಾಲ್ಕು ವಾರಕ್ಕೊಮ್ಮೆ ಸಾಲದ ಸಭೆ. ಮೊದಲು ವಾಪಸಾತಿ, ಆಮೇಲೆ ಹೊಸ ಸಾಲ.

6. ಎರಡೂ ಚೀಲದ ಮೊತ್ತ ಎಣಿಸಿ, ಎಲ್ಲರೂ ಸೇರಿ ಮೂರು ಸಲ ಬಾಯಿಪಾಠ ಮಾಡಿ, ಬೀಗ ಹಾಕುತ್ತಾರೆ.

ಈ ಬಾಯಿಪಾಠವನ್ನು ಹಗುರವಾಗಿ ನೋಡಬೇಡಿ. ಪುಸ್ತಕ ಕಳೆಯಬಹುದು, ತಿದ್ದಬಹುದು. ಇಪ್ಪತ್ತು ಜನರ ನೆನಪನ್ನು ಒಂದೇ ರಾತ್ರಿಯಲ್ಲಿ ತಿದ್ದಲಾಗದು. ಒಂದು ಗುಂಪಿನಲ್ಲಿ ಅಕ್ಷರವೇ ಬಾರದ ಒಬ್ಬ ಅಜ್ಜಿ, ಲೆಕ್ಕ ಬರೆಯುವವಳು ಓದಿದ ಮೊತ್ತ ತಪ್ಪು ಅಂತ ಎದ್ದು ನಿಂತರು. ಮತ್ತೆ ಎಣಿಸಿದಾಗ ಅಜ್ಜಿಯೇ ಸರಿ. ಹಿಂದಿನ ವಾರದ ಸಂಖ್ಯೆಯನ್ನು ಅವರು ನೀರು ತರುವಾಗ, ಹಿಟ್ಟು ಕುಟ್ಟುವಾಗ ಹೇಳಿಕೊಳ್ಳುತ್ತಿದ್ದರಂತೆ.

ನೀವು? ಸಾಲಿನ ಹಿಂದೆ ಕೂರಿ. ಪೆನ್ನು ಮುಟ್ಟಬೇಡಿ. ದುಡ್ಡನ್ನಂತೂ ಮುಟ್ಟಲೇಬೇಡಿ, ಎಣಿಸಲು ಸಹಾಯ ಅಂತಲೂ.

ಸಾಲ, ಬಡ್ಡಿ

ಮೊದಲ ಎಂಟು ವಾರ ಉಳಿತಾಯ ಮಾತ್ರ ನಡೆಯಲಿ ಅಂತ ನಾನು ಹೇಳುತ್ತೇನೆ. ನಾಲ್ಕೇ ವಾರಕ್ಕೆ ಶುರು ಮಾಡುವವರೂ ಇದ್ದಾರೆ. ಒಬ್ಬಳು ತನ್ನ ಉಳಿತಾಯದ ಮೂರು ಪಟ್ಟಿಗಿಂತ ಜಾಸ್ತಿ ಸಾಲ ಪಡೆಯಬಾರದು. ಮೊದಲ ಸುತ್ತಿನಲ್ಲಿ ಮೂರು ತಿಂಗಳೊಳಗೆ ತೀರಿಸಬೇಕು. ಕೇಳಿದವರ ಮೊತ್ತ ಚೀಲದಲ್ಲಿರುವುದಕ್ಕಿಂತ ಜಾಸ್ತಿಯಾದರೆ ಎಲ್ಲರದನ್ನೂ ಸ್ವಲ್ಪ ಸ್ವಲ್ಪ ಇಳಿಸಬೇಕು. ಯಾತಕ್ಕೆ ಸಾಲ ಅಂತ ಎಲ್ಲರ ಎದುರು ಹೇಳಬೇಕು. ಒಣಮೀನು ತಂದು ಮಾರುವುದು, ಎಣ್ಣೆಯಲ್ಲಿ ಕರಿದ ‘ಮಂದಾಸಿ’ ಮಾರುವುದು, ಬೀಜ ಕೊಳ್ಳುವುದು, ಏನಾದರೂ ಸರಿ. ಇದು ಉತ್ಪಾದಕ ಸಾಲ, ಅದು ಅನುತ್ಪಾದಕ ಅಂತ ನೀವು ಪಾಠ ಮಾಡಬೇಡಿ. ಫೆಬ್ರವರಿಯಲ್ಲಿ ಹಿಟ್ಟು ತಂದ ಸಾಲದಿಂದ ಅವಳು ತನ್ನದೇ ಹೊಲದಲ್ಲಿ ಕಳೆ ಕಿತ್ತಳು. ಅದಕ್ಕಿಂತ ಉತ್ಪಾದಕ ಯಾವುದು?

ಬಡ್ಡಿ ತಿಂಗಳಿಗೆ ಶೇಕಡಾ ಐದರಿಂದ ಹತ್ತು. ಕೇಳಿದರೆ ನಮಗೆ ಎದೆ ಧಸಕ್ ಅನ್ನುತ್ತದೆ. ಆದರೆ ಈ ಬಡ್ಡಿ ಯಾವ ಸಾಹುಕಾರನಿಗೂ ಹೋಗುವುದಿಲ್ಲ. ಅದೇ ಪೆಟ್ಟಿಗೆಗೆ ಬಿದ್ದು ನವೆಂಬರ್‌ನಲ್ಲಿ ಅವರಿಗೇ ಹಂಚಿಕೆಯಾಗುತ್ತದೆ. ಆದರೂ ಒಂದು ಎಚ್ಚರ ಬೇಕು. ಜಾಸ್ತಿ ಉಳಿಸುವವಳು, ಕಡಿಮೆ ಸಾಲ ಪಡೆಯುವವಳು ಲಾಭದಲ್ಲಿರುತ್ತಾಳೆ. ಪದೇ ಪದೇ ಸಾಲ ಮಾಡುವ ಬಡವಳ ಬಡ್ಡಿ ಆ ಜಾಸ್ತಿ ಉಳಿಸಿದವಳಿಗೆ ಹೋಗುತ್ತದೆ. ಎರಡು ಸುತ್ತು ಮುಗಿದ ಮೇಲೆ ಈ ಲೆಕ್ಕವನ್ನು ಗುಂಪಿನ ಎದುರು ಇಡಿ. ಬಡ್ಡಿ ಇಳಿಸೋಣ ಅಂತ ಅವರೇ ಹೇಳಿದ ಗುಂಪುಗಳನ್ನು ಕಂಡಿದ್ದೇನೆ.

ದಾನಿಗಳಿಗೆ ವರದಿ ಬರೆಯುವಾಗಲೂ ದೊಡ್ಡ ಮಾತು ಬೇಡ. ಉತ್ತರ ಮಲಾವಿಯ 46 ಹಳ್ಳಿಗಳಲ್ಲಿ ಇಂಥ ಗುಂಪುಗಳ ಬಗ್ಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ನಂತರ ದಿನಕ್ಕೆ ಉಣ್ಣುವ ಹೊತ್ತು, ಮನೆಯ ಕೋಣೆಗಳ ಸಂಖ್ಯೆ ಹೆಚ್ಚಿದ್ದು ಕಂಡಿತು. 2017ರಲ್ಲಿ ಬಂದ, ಘಾನಾ, ಮಲಾವಿ, ಉಗಾಂಡಾ ಮೂರನ್ನೂ ನೋಡಿದ ದೊಡ್ಡ ಅಧ್ಯಯನದಲ್ಲಿ ಉಳಿತಾಯ, ಸಾಲ, ಹೆಂಗಸರ ಮಾತಿಗೆ ಸಿಗುವ ಬೆಲೆ ಹೆಚ್ಚಿತ್ತು. ಆದರೆ ಮನೆಯ ಒಟ್ಟು ಖರ್ಚುವೆಚ್ಚದಲ್ಲಿ ಸರಾಸರಿ ಬದಲಾವಣೆ ಕಾಣಲಿಲ್ಲ. ಬಡತನ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕಟಪಿಲದವನ ಮನೆಗೆ ಹೋಗುವುದು ತಪ್ಪಿತು ಅಂತ ಬರೆಯಿರಿ, ತಪ್ಪಿದ್ದರೆ.

ಹಂಚಿಕೆಯ ದಿನ

ಕೊನೆಯ ಎರಡು ತಿಂಗಳು ಹೊಸ ಸಾಲ ನಿಲ್ಲಿಸಬೇಕು. ಎಲ್ಲ ಬಾಕಿ ಬರಬೇಕು. ಪೆಟ್ಟಿಗೆ ತುಂಬುವುದು ಆಗಲೇ, ಕಳ್ಳರ ಕಣ್ಣು ಬೀಳುವುದೂ ಆಗಲೇ. ಹಂಚಿಕೆಯ ದಿನಾಂಕವನ್ನು ಊರೆಲ್ಲ ಸಾರಬೇಡಿ. ಪೆಟ್ಟಿಗೆಯನ್ನು ಬೇರೆ ಬೇರೆ ಮನೆಯಲ್ಲಿಡಿ. ಮಲಾವಿಯಲ್ಲಿ ಏರ್‌ಟೆಲ್ ಮನಿ, ಟಿಎನ್‌ಎಂ ಕಂಪನಿಯ ಮ್ಪಾಂಬಾ ಇವೆ. ಫೋನಿನಲ್ಲಿ ದುಡ್ಡಿಡುವುದು ಕೆಲವು ಗುಂಪುಗಳಿಗೆ ಒಗ್ಗುತ್ತದೆ. ಆದರೆ ಫೋನ್ ಯಾರದು, ಪಿನ್ ಯಾರಿಗೆ ಗೊತ್ತು ಅನ್ನುವುದು ಬೀಗದ ಕೈಯಷ್ಟೇ ಗಟ್ಟಿಯಾಗಿರಬೇಕು.

ಲೆಕ್ಕ ಸರಳ. ಒಂದು ಉದಾಹರಣೆ ನೋಡಿ. ಇಪ್ಪತ್ತು ಜನರ ಗುಂಪು, ಪಾಲಿನ ಬೆಲೆ 500 ಕ್ವಾಚಾ. ವರ್ಷದಲ್ಲಿ ಎಲ್ಲರೂ ಸೇರಿ ಕೊಂಡ ಪಾಲು 2,400. ಅಂದರೆ 12,00,000 ಕ್ವಾಚಾ ಉಳಿತಾಯ. ಬಡ್ಡಿ, ದಂಡ ಸೇರಿ 3,60,000 ಬಂತು ಅಂದುಕೊಳ್ಳಿ. ಒಟ್ಟು 15,60,000. ಇದನ್ನು 2,400ರಿಂದ ಭಾಗಿಸಿದರೆ ಒಂದು ಪಾಲಿಗೆ 650. ವರ್ಷಕ್ಕೆ 120 ಪಾಲು ಕೊಂಡವಳು 60,000 ಹಾಕಿದ್ದಳು, 78,000 ಒಯ್ಯುತ್ತಾಳೆ. ವಾರಕ್ಕೊಂದರಂತೆ 48 ಪಾಲು ಕೊಂಡವಳು 24,000 ಹಾಕಿದ್ದಳು, 31,200 ಒಯ್ಯುತ್ತಾಳೆ. ಕಷ್ಟನಿಧಿ ಹಂಚುವುದಿಲ್ಲ, ಮುಂದಿನ ಸುತ್ತಿಗೆ ಉಳಿಯುತ್ತದೆ.

ಕ್ಯಾಲ್ಕುಲೇಟರ್ ಲೆಕ್ಕವನ್ನು ಎಲ್ಲರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಚಾಪೆಯ ಮೇಲೆ ಒಬ್ಬೊಬ್ಬರ ಪಾಸ್‌ಬುಕ್ ಇಟ್ಟು, ಅದರ ಮೇಲೆ ಅವರ ದುಡ್ಡಿನ ಕಂತೆ ಇಡಿಸಿ. ಕೊನೆಗೆ ಚಾಪೆಯ ಮೇಲೆ ಉಳಿಕೆಯೂ ಇಲ್ಲ, ಕೊರತೆಯೂ ಇಲ್ಲ ಅಂತ ಎಲ್ಲರೂ ಕಂಡ ಮೇಲೆ ಕರೆದು ಕೊಡಲಿ. ಆಗ ಹಾಡು ಶುರುವಾಗುತ್ತದೆ. ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ‘ಚಿತೆಂಜೆ’ ಬಟ್ಟೆಯ ಸೆರಗಿನಲ್ಲಿ ದುಡ್ಡು ಗಂಟು ಕಟ್ಟಿಕೊಳ್ಳುತ್ತಾರೆ, ನಮ್ಮ ಅಜ್ಜಿಯರು ಸೀರೆ ಸೆರಗಿನಲ್ಲಿ ಕಟ್ಟಿಕೊಂಡ ಹಾಗೆಯೇ. ನೋಡುವಾಗ ಗಂಟಲು ಕಟ್ಟುತ್ತದೆ.

ನೀವು ಹೊರಡುವುದು

ಮೊದಲ ಮೂರು ತಿಂಗಳು ಪ್ರತಿ ಸಭೆಗೂ ಹೋಗಿ. ಆಮೇಲೆ ತಿಂಗಳಿಗೆ ಎರಡು ಸಲ, ಮತ್ತೆ ಒಂದು ಸಲ. ಹೋಗದ ವಾರದ ಸಭೆ ಹೇಗಾಯಿತು ಅಂತ ಫೋನ್ ಮಾಡಿ ಕೇಳಬೇಡಿ. ಮುಂದಿನ ಸಲ ಹೋದಾಗ ಬಾಯಿಪಾಠದ ಮೊತ್ತ ಸರಿಹೋದರೆ ಸಾಕು. ಜಗಳ ಬಂದರೆ ತೀರ್ಪು ಹೇಳಬೇಡಿ. ‘ನಿಮ್ಮ ನಿಯಮ ಏನು ಹೇಳುತ್ತದೆ?’ ಅಂತ ಕೇಳಿ ಸುಮ್ಮನಿರಿ.

ಮೊದಲ ಹಂಚಿಕೆ ಆದ ಕೂಡಲೇ ಪಕ್ಕದ ಊರಿನವರು ಬರುತ್ತಾರೆ, ನಮಗೂ ಕಲಿಸಿ ಅಂತ. ನೀವು ಹೋಗಬೇಡಿ. ಈ ಗುಂಪಿನಲ್ಲಿ ಚುರುಕಾದ, ತಾಳ್ಮೆ ಇರುವ ಒಬ್ಬಳನ್ನು ಕಳಿಸಿ. ಅವಳ ದಿನದ ಕೂಲಿಯನ್ನು ಆ ಹೊಸ ಗುಂಪೇ ಕೊಡಲಿ. ಮೊದಮೊದಲು ಅವಳ ಜೊತೆ ಎರಡು ಮೂರು ಸಭೆಗೆ ಹೋಗಿ ಹಿಂದೆ ಕೂತರೆ ಸಾಕು.

ಊರು ಬಿಡುವ ಮುಂಚೆ ಒಂದು ಹಾಳೆ ಬರೆದು, ಊರಿನ ಭಾಷೆಯಲ್ಲೇ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಪಾಸ್‌ಬುಕ್ ಯಾವ ಪೇಟೆಯ ಯಾವ ಅಂಗಡಿಯಲ್ಲಿ ಸಿಗುತ್ತದೆ, ಶಾಯಿ ಪ್ಯಾಡಿಗೆ ಎಷ್ಟು, ಬೀಗ ಕೆಟ್ಟರೆ ಯಾವ ಕಮ್ಮಾರ. ಅದರಲ್ಲಿ ನಿಮ್ಮ ಫೋನ್ ನಂಬರ್ ಇರಬಾರದು.